ಬೀಗರಿಗೆ ಹೇಳಿದ ನೆಪಗಳು

ಏನೇನು ಅನಾಹುತ ಆಗಬಹುದಿತ್ತು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಮಗಳ ಮದುವೆಯ ದಿನ ಸೇಲಂನ ಮಂಟಪದಲ್ಲಿ ಕರೆಂಟು ಹೋಗಬಹುದಿತ್ತು. ದೊಡ್ಡಬಳ್ಳಾಪುರದಿಂದ ಗಂಡಿನ ಕಡೆಯವರನ್ನು ತರುವ ಬಸ್ಸು ತೊಪ್ಪೂರು ಘಾಟಿನಲ್ಲಿ ಕೆಟ್ಟು ನಿಲ್ಲಬಹುದಿತ್ತು. ನಿಲ್ಲದೆ ಬಂದರೂ, ಬಂದವರಿಗೆ ನಮ್ಮ ರಸದ ಖಾರ ನೆತ್ತಿಗೇರಬಹುದಿತ್ತು. ಮಾಂಗಲ್ಯ ಮನೆಯ ಬೀರುವಿನಲ್ಲೇ ಉಳಿದು, ಬೀರುವಿನ ಬೀಗದ ಕೈ ನನ್ನ ಹಳೆಯ ಪ್ಯಾಂಟಿನಲ್ಲೂ, ಆ ಪ್ಯಾಂಟು ಅಗಸರ ಅಂಗಡಿಯಲ್ಲೂ ಇರಬಹುದಿತ್ತು. ಇವೆಲ್ಲ ಹೆಣ್ಣು ಹೆತ್ತ ಎಲ್ಲರಿಗೂ ಇರುವ ಭಯ, ಬಿಡಿ. ನನ್ನ ಖಾಸಗಿ ಭಯಗಳು ಬೇರೆ. ಗಂಡಿನ ಶಲ್ಯದ ಅಂಚಿನಲ್ಲಿ ನಾವು ಜರಿಯಿಂದ ನೇಯ್ದ ಅವನ ಹೆಸರಿನಲ್ಲಿ ಒಂದು ಒತ್ತು ಬಿಟ್ಟುಹೋಗಬಹುದಿತ್ತು. ಅವನಪ್ಪ, ನಿವೃತ್ತ ಕನ್ನಡ ಹೆಡ್ಮೇಷ್ಟ್ರು, ಹೋಮದ ಹೊಗೆಯ ನಡುವೆಯೇ ಜೇಬಿನಿಂದ ಕೆಂಪು ಪೆನ್ನು ತೆಗೆಯಬಹುದಿತ್ತು. 'ಅಪ್ಪನಿಗೇ ಅಕ್ಷರ ನೆಟ್ಟಗಿಲ್ಲ, ಮಗಳಿಗೆ ಇನ್ನೇನು' ಅನ್ನುವ ಮಾತು ಹುಟ್ಟಿ, ನನ್ನ ಮಲರ್ ಆ ಮನೆಯಲ್ಲಿ ಜೀವನಪೂರ್ತಿ ಆ ಮಾತಿನ ಜೊತೆ ಸಂಸಾರ ಮಾಡಬೇಕಾಗಬಹುದಿತ್ತು. ಇಷ್ಟರಲ್ಲಿ ಒಂದೂ ಆಗಲಿಲ್ಲ. ಆದದ್ದು ಬಹಳ ಸಣ್ಣದು. ಧೈರ್ಯ ಉಳಿದಿದ್ದರೆ ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನಮ್ಮ ಕಥೆ ನಿಮಗೆ ಗೊತ್ತಿರಲಿಕ್ಕಿಲ್ಲ. ನಾವು ಸೇಲಂನ ಮಗ್ಗದವರು. ಎಷ್ಟು ತಲೆಮಾರಿನ ಹಿಂದೆ ಬಂದೆವೋ, ಯಾಕೆ ಬಂದೆವೋ, ಹಿರಿಯರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ತಮಿಳು. ನಮ್ಮ ಕನ್ನಡ ನಾಲಿಗೆಯ ಮೇಲೆ ಮಾತ್ರ ಇರುವ ಕನ್ನಡ. ಕೈಗೆ ಇಳಿದದ್ದೇ ಇಲ್ಲ. ಬೈಯುವುದಕ್ಕೆ, ಮುದ್ದು ಮಾಡುವುದಕ್ಕೆ, ಲಾಳಿ ಸಿಕ್ಕಿಕೊಂಡರೆ ಶಪಿಸುವುದಕ್ಕೆ ಕನ್ನಡ ಸಾಕಷ್ಟಿದೆ. ಬರೆಯುವುದು ಅಂದರೆ ತಮಿಳು. ನಾನೂ ತಮಿಳಿನಲ್ಲೇ ಓದಿ, ಒಂದು ನೇಕಾರರ ಸೊಸೈಟಿಯಲ್ಲಿ ಗುಮಾಸ್ತನಾಗಿ ತಮಿಳಿನಲ್ಲೇ ಬರೆಯುತ್ತಾ ತಲೆ ನರೆಸಿಕೊಂಡವನು. ಆದರೆ ಮೂವತ್ತು ದಾಟಿದ ಮೇಲೆ ಒಂದು ಹುಚ್ಚು ಹಿಡಿಯಿತು. ಕನ್ನಡ ಓದಬೇಕು! ಮಕ್ಕಳ ಅಕ್ಷರಮಾಲೆಯ ಪಟ ಒಂದನ್ನು ತಂದು ಗೋಡೆಗೆ ಅಂಟಿಸಿದೆ. ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋಗಿ ಬೆಂಗಳೂರಿನಿಂದ ಬಂದ ಬಸ್ಸುಗಳ ಬೋರ್ಡು ಓದಿದೆ. ಬಸ್ಸು ಹೊರಡುವುದರೊಳಗೆ ಓದಿ ಮುಗಿಸಬೇಕು ಎಂಬ ಅವಸರದಲ್ಲಿ ಕಲಿತ ಅಕ್ಷರ ಅದು. ಇವತ್ತಿಗೂ ನಾನು ಬರೆಯುವಾಗ ಕೊನೆಯ ಅಕ್ಷರ ಸ್ವಲ್ಪ ಓಡುತ್ತಿರುತ್ತದೆ.

ಹೀಗೆ ಕಲಿತವನ ಕಾಗುಣಿತ ಹೇಗಿರುತ್ತದೆ ಅಂತ ನೀವೇ ಊಹಿಸಿ. ತಮಿಳಿನಲ್ಲಿ ಒಂದೇ ಅಕ್ಷರ ನಾಲ್ಕು ಜನರ ಕೆಲಸ ಮಾಡುತ್ತದೆ. ಕನ್ನಡದಲ್ಲಿ ಆ ನಾಲ್ವರೂ ಬೇರೆ ಬೇರೆ ಮನೆ ಮಾಡಿಕೊಂಡು, ಕರೆಯುವಾಗ ಸರಿಯಾದ ಬಾಗಿಲು ತಟ್ಟದಿದ್ದರೆ ಮುನಿಸಿಕೊಳ್ಳುತ್ತಾರೆ. ಮಹಾಪ್ರಾಣವೆಂದರೆ ನನಗೆ ನಿಜವಾಗಿಯೂ ಪ್ರಾಣಭಯ. ಇನ್ನು 'ಹ'. ನಮ್ಮ ಬೀದಿಯಲ್ಲಿ ಅದನ್ನು ಯಾರೂ ಉಪಯೋಗಿಸುವುದಿಲ್ಲ. ಹಾಲನ್ನು ಆಲು ಅಂದೇ ಕುಡಿದು ಬೆಳೆದಿದ್ದೇವೆ, ಏನೂ ತೊಂದರೆ ಆಗಿಲ್ಲ. ಇದನ್ನೆಲ್ಲ ನಾನು ಯಾರಿಗೂ ವಿವರಿಸಬೇಕಾಗಿ ಬಂದಿರಲಿಲ್ಲ, ಯಾಕೆಂದರೆ ನನ್ನ ಕನ್ನಡ ಓದುವವರೇ ಇರಲಿಲ್ಲ. ಓದುಗರಿಲ್ಲದ ಲೇಖಕನಷ್ಟು ನಿರಾಳ ಮನುಷ್ಯ ಇನ್ನೊಬ್ಬನಿಲ್ಲ.

ಆ ನಿರಾಳ ಹೋದದ್ದು ಮಲರ್‌ಗೆ ಸಂಬಂಧ ಕುದುರಿದಾಗ. ಹುಡುಗ ಒಳ್ಳೆಯವನು, ಜಾತಕ ಕೂಡಿತು, ಅವರೂ ಒಂದು ಕಾಲಕ್ಕೆ ಮಗ್ಗದ ಮನೆಯವರೇ. ಎಲ್ಲ ಸರಿ. ಆದರೆ ಹುಡುಗನ ಹೆಸರು ಸಿದ್ಧಾರ್ಥ. ನನ್ನಂಥವನಿಗೆ ಅದು ಹೆಸರಲ್ಲ, ಪರೀಕ್ಷೆ. ಪರೀಕ್ಷೆ ಇಟ್ಟವರು ಅವನ ತಂದೆ ನಂಜುಂಡಯ್ಯ ಮೇಷ್ಟ್ರು. ಸಂಬಂಧ ಮಾತಾಡಿ ಹೋದ ಮೇಲೆ ಅವರು ಫೋನಿನಲ್ಲಿ ಕನ್ನಡದಲ್ಲೇ ನಾಲ್ಕು ಸಾಲು ಕಳಿಸಿದರು. ಸಾಲುಗಳು ಮುತ್ತು ಪೋಣಿಸಿದ ಹಾಗಿದ್ದವು. ನಾನೂ ಉತ್ಸಾಹದಲ್ಲಿ ನಾಲ್ಕು ಸಾಲು ಕಳಿಸಿದೆ. ಅರ್ಧ ಗಂಟೆಯಲ್ಲಿ ನನ್ನ ನಾಲ್ಕು ಸಾಲೂ ವಾಪಸ್ಸು ಬಂದವು, ಏಳು ತಪ್ಪು ತಿದ್ದಿ. ಕೆಳಗೆ ಒಂದು ಮಾತು: 'ಬೇಸರಿಸಬೇಡಿ, ಅಭ್ಯಾಸಬಲ.' ಮೂವತ್ತೈದು ವರ್ಷ ತಿದ್ದಿದ ಕೈ. ನಿವೃತ್ತಿಯಾದರೆ ಸಂಬಳ ನಿಲ್ಲುತ್ತದೆ, ಕೈ ನಿಲ್ಲುತ್ತದೆಯೇ?

ಕೂಡಲೇ ಉತ್ತರಿಸಿದೆ: 'ಕನ್ನಡಕ ಹಾಕಿರಲಿಲ್ಲ.' ಅದು ನನ್ನ ಮೊದಲ ನೆಪ. ಎರಡನೇ ಸಲ ತಪ್ಪು ಬಂದಾಗ, ಬಸ್ಸಿನಲ್ಲಿದ್ದೆ, ರಸ್ತೆ ಸರಿಯಿರಲಿಲ್ಲ ಎಂದೆ. ಮೂರನೆಯದಕ್ಕೆ ಫೋನೇ ತಾನಾಗಿ ಅಕ್ಷರ ಬದಲಾಯಿಸಿತು. ನಾಲ್ಕನೆಯದಕ್ಕೆ ಹೆಬ್ಬೆರಳಿಗೆ ಸೂಜಿ ಚುಚ್ಚಿತ್ತು. ಸುಳ್ಳು ಹೇಳುವುದು ನನಗೆ ಕಷ್ಟವಲ್ಲ. ಹೇಳಿದ್ದನ್ನೇ ಮತ್ತೆ ಹೇಳಿ ಸಿಕ್ಕಿಬೀಳುವುದೇ ಭಯ. ಅದಕ್ಕೆ ಒಂದು ಹಳೆಯ ಡೈರಿಯಲ್ಲಿ ಆಗಿಹೋದ ನೆಪಗಳನ್ನೆಲ್ಲ ಬರೆದಿಟ್ಟುಕೊಂಡೆ. ತಮಿಳಿನಲ್ಲಿ, ತಪ್ಪಿಲ್ಲದೆ.

ಐದನೆಯ ನೆಪದಲ್ಲಿ ಕಾಲು ಜಾರಿತು. 'ಮಗು ಕೈಹಾಕಿ ಏನೇನೋ ಒತ್ತಿಬಿಟ್ಟಿತು' ಅಂತ ಕಳಿಸಿದೆ. ಆ ಕಡೆಯಿಂದ ಬಂತು: 'ನಿಮ್ಮ ಮನೆಯಲ್ಲಿ ಮಗು? ಯಾರದು?' ಒಬ್ಬಳೇ ಮಗಳು, ಅವಳಿಗೆ ಮದುವೆ ಮಾತು ನಡೆಯುತ್ತಿದೆ, ಮನೆಯಲ್ಲೊಂದು ಮಗು! ನನ್ನ ಹೆಂಡತಿ ಗೋಮತಿ ಅದನ್ನು ಓದಿಸಿಕೊಂಡು ಕೇಳಿ ತಲೆ ಮೇಲೆ ಕೈ ಹೊತ್ತು ಕೂತಳು. ಅವಳು ನಂಗವಳ್ಳಿಯ ಬೇಸಾಯದ ಮನೆಯವಳು, ಮಾತು ನೇರ. "ಒಂದ್ ಅಕ್ಸರ ತಪ್ಪಾಯ್ತು ಅನ್ನಕ್ಕೆ ನಾಚ್ಕೆ, ಇಲ್ದಿರೋ ಮಗೀನ ಉಟ್ಟಿಸಾಕೆ ನಾಚ್ಕೆ ಇಲ್ಲ ಅಲ್ವಾ ನಿಮ್ಗೆ?" ಎಂದಳು. ಪಕ್ಕದ ಮನೆಯ ಮಗು ಎಂದು ಬರೆದು ಬಚಾವಾದೆ ಅಂದುಕೊಂಡರೆ, ನಿಶ್ಚಿತಾರ್ಥಕ್ಕೆ ಬಂದ ಬೀಗಿತ್ತಿ ಚೀಲದಿಂದ ಒಂದು ಗಿಲಕಿ ತೆಗೆದು, "ಎಲ್ಲಿ ಆ ಪುಟಾಣಿ? ಟೈಪು ಮಾಡುತ್ತಂತಲ್ಲ" ಅನ್ನಬೇಕೇ. ಪಕ್ಕದ ಮನೆಯಲ್ಲಿರುವವರು ಎಪ್ಪತ್ತು ದಾಟಿದ ಇಬ್ಬರು. ಎರಡು ಬೀದಿ ಆಚೆಯಿಂದ ಒಂದು ಹೆಣ್ಣು ಮಗುವನ್ನು ಎತ್ತಿಕೊಂಡು ಬರಬೇಕಾಯಿತು. ಅದು ನನ್ನನ್ನು ಕಂಡು ಕಿಟಾರನೆ ಕಿರುಚಿತು. ಗೊತ್ತಿಲ್ಲದ ಮುಖ, ಪಾಪ.

ಮಲರ್ ಇದಕ್ಕೆಲ್ಲ ನಗುತ್ತಿದ್ದಳು. ಆದರೆ ಒಂದು ದಿನ ಲ್ಯಾಬಿನ ಕೆಲಸ ಮುಗಿಸಿ ಬಂದವಳು ನಗದೆ ಪಕ್ಕದಲ್ಲಿ ಕೂತಳು. "ಅಪ್ಪಾ, ನಿಂಗಾದ್ರೂ ತಪ್ಪುತಪ್ಪಾಗಿ ಬರಿಯಕ್ಕೆ ಬರ್ತೈತೆ. ನಂಗೆ ಒಂದ್ ಅಕ್ಸರಾನೂ ತೆರಿಯಾದು. ಅವ್ರ ಮನೇಗೆ ಓದಾಗ ಅಕ್ಕಿ ತಟ್ಟೇಲಿ ಗಂಡನ ಎಸ್ರು ಬರಿಬೇಕಂತೆ. ಎಲ್ಲಾರ ಮುಂದೆ. ಮಾವ ಬೇರೆ ವಾದ್ಯಾರು, ಮೇಷ್ಟ್ರು." ತಮಿಳಿನಲ್ಲಿ ಬರೆದರಾಯಿತು ಎಂದೆ. "ಅಂಗ್ ಬರ್ದ್ರೆ, ಏ ತಮಿಳು ಸೊಸೆ ಬಂದ್ಲು ಅಂತಾರೆ ಪಾ. ನಾವ್ ಕನ್ನಡದೋರು ತಾನೇ?" ಎಂದಳು. ಇಲ್ಲಿ ನಮ್ಮನ್ನು ಕನ್ನಡದವರು ಅನ್ನುತ್ತಾರೆ, ಅಲ್ಲಿ ತಮಿಳಿನವರು ಅನ್ನುತ್ತಾರೆ. ಎರಡಕ್ಕೂ ನಾವು ಇದುವರೆಗೆ ತಲೆ ಕೆಡಿಸಿಕೊಂಡವರಲ್ಲ. ಆವತ್ತು ಮಾತ್ರ ನನಗೆ ಊಟ ಸೇರಲಿಲ್ಲ. ನಾನು ಎಷ್ಟು ನಗೆಪಾಟಲಾದರೂ ಸರಿ, ಇವಳು ಆಗಬಾರದು.

ನಮ್ಮ ಮನೆಯ ಒಂದು ರೂಢಿಯಿದೆ. ಹೆಣ್ಣು ಕೊಡುವಾಗ ಗಂಡಿನ ಪಂಚೆ, ಶಲ್ಯ ನಮ್ಮ ಮಗ್ಗದಲ್ಲೇ ಆಗಬೇಕು. ಶಲ್ಯದ ಅಂಚಿನಲ್ಲಿ ಗಂಡು ಹೆಣ್ಣಿನ ಹೆಸರನ್ನು ಜರಿಯಲ್ಲಿ ನೇಯಬೇಕು. ಇದುವರೆಗೆ ಎಲ್ಲವೂ ತಮಿಳಿನಲ್ಲೇ ಆಗಿದ್ದವು. ಈ ಸಲ ಕನ್ನಡದಲ್ಲಿ ಅಂತ ಬಾಯಿ ತಪ್ಪಿ ಮೇಷ್ಟ್ರಿಗೆ ಹೇಳಿದವನು ನಾನೇ. ಅವರು ಸಂತೋಷದಿಂದ, 'ನೋಡಲು ಕಾತರನಾಗಿದ್ದೇನೆ' ಎಂದು ಕಳಿಸಿದರು. ಅವರಂಥವರು ಕಾತರರಾದರೆ ನನ್ನಂಥವರಿಗೆ ಜ್ವರ ಬರುತ್ತದೆ. ಫೋನಿನಲ್ಲಿ ತಪ್ಪಾದರೆ ಅಳಿಸಬಹುದು. ರೇಷ್ಮೆಯಲ್ಲಿ, ಜರಿಯಲ್ಲಿ, ಅಂಗೈ ಅಗಲದ ಅಕ್ಷರದಲ್ಲಿ ತಪ್ಪಾದರೆ? 'ಕನ್ನಡಕ ಹಾಕಿರಲಿಲ್ಲ' ಅಂದರೆ ಮೂರು ಮೊಳ ಉದ್ದಕ್ಕೂ ಹಾಕಿರಲಿಲ್ಲವೇ ಎಂದು ಕೇಳುವುದಿಲ್ಲವೇ?

ನೇಯುವವನು ನನ್ನ ತಮ್ಮ ಚಿನ್ನಸಾಮಿ. ಅವನ ಬೆರಳಿಗೆ ಗೊತ್ತಿಲ್ಲದ ಹೂವಿಲ್ಲ, ಹಂಸವಿಲ್ಲ, ಗಿಳಿಯಿಲ್ಲ. ಆದರೆ ಕನ್ನಡದ ಒಂದಕ್ಷರ ಗೊತ್ತಿಲ್ಲ. ನಾನು ಮೇಷ್ಟ್ರೇ ಕಳಿಸಿದ ಸಂದೇಶದಿಂದ ಹುಡುಗನ ಹೆಸರನ್ನು ನೋಡಿ ನೋಡಿ ಚೌಕದ ಹಾಳೆಯಲ್ಲಿ ಬರೆದೆ. ಮೂರು ದಿನ ತಿದ್ದಿದೆ. ಬೆಂಗಳೂರಿನ ಬಸ್ಸಿನ ಒಬ್ಬ ಕಂಡಕ್ಟರಿಗೂ ತೋರಿಸಿದೆ, "ಸರಿಯಾಗಿದೆ ಸ್ವಾಮಿ, ಟಿಕೆಟ್ ಎಲ್ಲಿಗೆ?" ಎಂದರು. ಆ ಹಾಳೆ ನೋಡಿ ಚಿನ್ನಸಾಮಿ ರಟ್ಟಿನ ಅಟ್ಟೆಗಳಿಗೆ ತೂತು ಹೊಡೆದು, ಅವನ್ನು ಸಾಲಾಗಿ ದಾರದಲ್ಲಿ ಕಟ್ಟಿ, ಮಗ್ಗದ ಮೇಲಿನ ಜಕಾರ್ಡ್ ಪೆಟ್ಟಿಗೆಗೆ ಏರಿಸಿದ. ಯಾವ ಅಟ್ಟೆ ಬಂದರೆ ಯಾವ ಎಳೆ ಏಳಬೇಕು ಅನ್ನುವುದು ಆ ತೂತಿನ ಲೆಕ್ಕ.

ಮೊದಲು ಗೇಣುದ್ದ ನೇಯ್ದು ನನ್ನನ್ನು ಕರೆದ. ಹೋಗಿ ಬಗ್ಗಿ ನೋಡಿದೆ. ಅಕ್ಷರಗಳೆಲ್ಲ ಉಲ್ಟಾ! ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. "ಲೇ ಚಿನ್ನಾ, ಕೆಟ್ಟೆವಲ್ಲೋ!" ಎಂದೆ.

"ಅಣ್ಣ, ಸುಮ್ನಿರು. ನಾವು ಬಟ್ಟೆ ಮಕ ಕೆಳೀಕ್ ಮಾಡಿ ನೇಯೋದು. ನೀನು ನೋಡ್ತಿರೋದು ಬೆನ್ನು. ಮಕ ಬೇಕಾದ್ರೆ ಕನ್ನಡೀಲಿ ನೋಡು" ಎಂದು ಮಗ್ಗದಡಿಯ ಕಾಲು ಇಳಿಬಿಡುವ ಗುಂಡಿಯಲ್ಲಿ, ಬಟ್ಟೆಯ ಅಡಿಗೆ ಇಟ್ಟಿದ್ದ ಚೌಕದ ಕನ್ನಡಿಯನ್ನು ನನ್ನ ಕಡೆ ವಾಲಿಸಿದ. ನಮ್ಮವರು ಬಟ್ಟೆಯ ಮುಖ ನೋಡುವುದು ಹಾಗೆಯೇ, ಕೆಳಗೆ ಕನ್ನಡಿ ಇಟ್ಟು. ನೋಡಿದೆ. ಕನ್ನಡಿಯಲ್ಲೂ ಉಲ್ಟಾ!

ಮೇಲಿಂದ ನೋಡಿದರೂ ಉಲ್ಟಾ, ಕನ್ನಡಿಯಲ್ಲಿ ನೋಡಿದರೂ ಉಲ್ಟಾ. ಇನ್ನೇನು ಸಾಕ್ಷಿ ಬೇಕು? ಚಿನ್ನಸಾಮಿ ತಲೆ ಕೆರೆದುಕೊಂಡ. "ಕನ್ನಡಿ ಅಂದ್ರೆ ಅಂಗೇ ತಾನೇ ಅಣ್ಣ? ನಾನ್ ಇಷ್ಟ್ ದಿನ ಊವಾ, ಗಿಳಿ ಅಂತ ನೇಯ್ದೋನು. ಗಿಳಿ ಆ ಕಡೆ ನೋಡಿದ್ರೇನು, ಈ ಕಡೆ ನೋಡಿದ್ರೇನು. ಆದ್ರೂ ನಂಗೆ ಇದು ಸರಿ ಐತೆ ಅನ್ನುಸ್ತೈತೆ."

"ನಿನಗೆ ಅನ್ನಿಸಿದರೆ ಆಯಿತೇನೋ? ಓದಕ್ಕೆ ಬರುತ್ತಾ ನಿನಗೆ?"

ಅವನು ಕನ್ನಡಿಯನ್ನು ಇದ್ದ ಕಡೆಗೇ ಸರಿಸಿದ. ಮಾತು ಹೆಚ್ಚಾಯಿತು ಅಂತ ನನಗೂ ಅನ್ನಿಸಿತು. ಆದರೆ ಹೆದರಿದವನ ಬಾಯಿಗೆ ಬಾಗಿಲಿರುವುದಿಲ್ಲ. "ಸರಿಪ್ಪಾ. ನೀನು ಓದಿದೋನು. ಏನ್ ಮಾಡ್ಲಿ ಏಳು" ಎಂದ. ಅಟ್ಟೆಗಳ ಸಾಲನ್ನು ಬಿಚ್ಚಿ ಕೊನೆಯದನ್ನು ಮೊದಲಿಗೆ, ಮೊದಲಿನದನ್ನು ಕೊನೆಗೆ ಕಟ್ಟು ಅಂತ ನಾನೇ ಉಪಾಯ ಹೇಳಿದೆ. ಹಾಗೇ ಕಟ್ಟಿದ. ನೇಯ್ದ ಗೇಣುದ್ದವನ್ನು ಬಿಟ್ಟು ಹೊಸದಾಗಿ ಶುರು ಮಾಡಿದ. ಈಗ ಮೇಲಿಂದ ನೋಡಿದರೂ ನೆಟ್ಟಗೆ, ಕನ್ನಡಿಯಲ್ಲಿ ನೋಡಿದರೂ ನೆಟ್ಟಗೆ. ಜೀವ ಬಂದ ಹಾಗಾಯಿತು. ಎಂಟು ದಿನ ದಿನಕ್ಕೆರಡು ಸಲ ಹೋಗಿ ಕನ್ನಡಿಯಲ್ಲಿ ಮಗಳ ಹೆಸರು, ಅಳಿಯನ ಹೆಸರು ಓದಿಕೊಂಡು ಬರುತ್ತಿದ್ದೆ. ಒತ್ತು ಇದೆ, ದೀರ್ಘ ಇದೆ, ಎಲ್ಲ ಇದೆ. ಕೈಯಲ್ಲಿದ್ದ ಫೋನನ್ನು ಬಟ್ಟೆಯ ಕೆಳಗೆ ಹಿಡಿದು ಒಂದೇ ಒಂದು ಫೋಟೋ ತೆಗೆದಿದ್ದರೆ ಸಾಕಿತ್ತು. ಹೊಳೆಯಲಿಲ್ಲ. ಆ ಫೋನು ಹೊಸ ನೆಪಗಳನ್ನು ಕಳಿಸುವುದರಲ್ಲಿ ಬಿಡುವಿಲ್ಲದೆ ಇತ್ತು.

ಮದುವೆಗೆ ಐದು ದಿನ ಇದ್ದಾಗ ಮಗ್ಗದಿಂದ ಬಟ್ಟೆ ಕೊಯ್ದರು. ಕೊಯ್ದ ಬಟ್ಟೆಯನ್ನು ಚಾಪೆಯ ಮೇಲೆ ಮುಖ ಮೇಲೆ ಮಾಡಿ ಹಾಸಿ, ಮದುಮಗಳಿಂದ ಅರಿಶಿನ ಮುಟ್ಟಿಸುವುದು ಪದ್ಧತಿ. ಮಲರ್ ಬಂದಳು, ಅರಿಶಿನ ಇಟ್ಟಳು, "ಸೂಪರ್ ಚಿತ್ತಪ್ಪಾ!" ಎಂದು ತಮ್ಮನಿಗೆ ಹೇಳಿ, ಫೋನಿನಲ್ಲಿ ಫೋಟೋ ತೆಗೆದುಕೊಂಡು ಓಡಿದಳು. ಆಮೇಲೆ ನಾನು ಕನ್ನಡಕ ಹಾಕಿಕೊಂಡು ಬಗ್ಗಿದೆ.

ಉಲ್ಟಾ. ಅಂಚಿನುದ್ದಕ್ಕೂ, ಹೊಳೆಯುವ ಜರಿಯಲ್ಲಿ, ಒಂದೂ ಕಾಗುಣಿತ ತಪ್ಪಿಲ್ಲದೆ, ಪೂರ್ತಿ ಉಲ್ಟಾ. ಕನ್ನಡಿಯಲ್ಲಿ ನೆಟ್ಟಗೆ ಕಂಡದ್ದು ನಿಜದಲ್ಲಿ ಉಲ್ಟಾ ಇರುತ್ತದೆ ಅನ್ನುವುದು, ದಿನವೂ ಕನ್ನಡಿ ನೋಡಿ ಗಡ್ಡ ಹೆರೆದುಕೊಳ್ಳುವ ನನಗೆ ಅವತ್ತು ತಿಳಿಯಿತು. ಚಿನ್ನಸಾಮಿ ಒಂದೇ ಒಂದು ಸಲ ನನ್ನ ಮುಖ ನೋಡಿದ. ಬೇರೆ ಯಾರಾದರೂ ಆಗಿದ್ದರೆ 'ನಾನಾಗ್ಲೇ ಹೇಳ್ಲಿಲ್ವಾ' ಅನ್ನುತ್ತಿದ್ದರು. ಅವನು ಬಟ್ಟೆಯನ್ನು ಮೆಲ್ಲಗೆ ಮಗುಚಿ ಹಾಕಿದ. ಬೆನ್ನಿನ ಕಡೆ ಹೆಸರು ಸರಿಯಾಗಿ ಓದಬಹುದಾಗಿತ್ತು. ಜರಿಯ ಎಳೆಗಳು ಮಾತ್ರ ಅಲ್ಲಲ್ಲಿ ಜೋಲುತ್ತಿದ್ದವು. "ಜೋಲೋ ಎಳೆ ಕತ್ರಿಸ್ತೀನಿ. ಈ ಕಡೆ ಮೇಲ್ಮಾಡಿ ಒದ್ದ್ಕೊಂಡ್ರೆ ಆಯ್ತು. ಯಾರ್ ನೋಡ್ತಾರೆ ಏಳು" ಎಂದ. ಯಾರಿಗೂ ಹೇಳಬೇಡ ಎಂದೆ. ಹೆಂಡತಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ಹೆದರಿದವನಿಗೆ ಗುಟ್ಟು ಒಂದು ಕಂಬಳಿ ಇದ್ದ ಹಾಗೆ. ಹೊದ್ದು ಕೂತೆ.

ಮದುವೆಯಾಯಿತು. ಕರೆಂಟು ಹೋಗಲಿಲ್ಲ, ಬಸ್ಸು ಕೆಡಲಿಲ್ಲ, ರಸವನ್ನು ಎಲ್ಲರೂ ಎರಡು ಸಲ ಹಾಕಿಸಿಕೊಂಡರು. ಅಳಿಯನ ಹೆಗಲ ಮೇಲೆ ಶಲ್ಯ, ನಾನೇ ಹೊದಿಸಿದ್ದು, ಬೆನ್ನು ಹೊರಗೆ. ಮೇಷ್ಟ್ರು ಹತ್ತಿರ ಬಂದು ಅಂಚು ಹಿಡಿದು ಓದಿದರು. "ಕಾಗುಣಿತ ಎಲ್ಲ ಸರಿಯಾಗಿದೆ ಬೀಗರೇ" ಎಂದರು. ಹೆಬ್ಬೆರಳಿನಿಂದ ಆ ಅಂಚನ್ನು ಎರಡು ಸಲ ಸವರಿದರು. ಸಂತೋಷಕ್ಕೆ ನಾನು ಯಾರು ಯಾರಿಗೋ ಎರಡೆರಡು ಸಲ ತಾಂಬೂಲ ಕೊಟ್ಟೆ.

ಮಾರನೆಯ ದಿನ ಮಗಳನ್ನು ಬಿಡಲು ದೊಡ್ಡಬಳ್ಳಾಪುರಕ್ಕೆ ಹೋದೆವು. ದೇವರ ಮನೆಯ ಮುಂದೆ ತಟ್ಟೆಯ ತುಂಬ ಅಕ್ಕಿ. ಸುತ್ತಲೂ ಹೆಂಗಸರು. ಮಲರ್‌ಗೆ ಸಹಾಯ ಬೇಕಾ ಎಂದು ಕಣ್ಣಲ್ಲೇ ಕೇಳಿದೆ. ಬೇಡ ಎಂದು ತಲೆಯಾಡಿಸಿ, ಸಣ್ಣಗೆ ನಕ್ಕು, ಉಂಗುರದ ಬೆರಳಿಟ್ಟು ಬರೆಯತೊಡಗಿದಳು. ಚೆಂದವಾಗಿ, ಗುಂಡಗೆ, ನಿಧಾನವಾಗಿ. ನಾನು ಕತ್ತು ಉದ್ದ ಮಾಡಿ ನೋಡಿದೆ. ಪೂರ್ತಿ ಉಲ್ಟಾ ಬರೆದಿದ್ದಳು.

ಒಬ್ಬ ಅತ್ತೆಮ್ಮ, "ಇದ್ಯಾವ ಭಾಷೇನೇ ತಾಯಿ?" ಎಂದರು. "ತಮಿಳು ಕಣಕ್ಕ, ಅವ್ರ ಕಡೆ ಹಂಗೇ" ಎಂದು ಇನ್ನೊಬ್ಬರು. ಕಿಸಕ್ಕೆಂದು ನಗು. ಮಲರ್ ಮುಖ ಕೆಂಪಾಯಿತು. ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ಶಲ್ಯದ ಫೋಟೋ ನೋಡಿ ಐದ್ ದಿನ ಪ್ರಾಕ್ಟೀಸ್ ಮಾಡ್ದೆ ಅಪ್ಪಾ. ನೆಟ್ಟಲ್ಲಿ ಉಡುಕಿದ್ರೆ ತಪ್ಪಿರ್ತೈತೆ, ನೀನು ನೋಡಿ ನೇಯ್ಸಿದ್ರಲ್ಲಿ ತಪ್ಪಿರಲ್ಲ ಅಂತ..."

ಯಾವ ಒಂದಕ್ಕೆ ನಾನು ವರ್ಷವೆಲ್ಲ ಹೆದರಿದ್ದೆನೋ ಅದು ಎದುರಿಗೆ ಅಕ್ಕಿಯ ಮೇಲೆ ಬಿದ್ದಿತ್ತು, ನನ್ನ ಗುಟ್ಟಿನ ಕೂಸಾಗಿ. ಅಕ್ಕಿ ಅಲುಗಾಡಿತು ಅನ್ನಲೇ? ಫ್ಯಾನಿನ ಗಾಳಿ ಅನ್ನಲೇ? ಡೈರಿ ಸೇಲಂನಲ್ಲಿತ್ತು.

ಅಷ್ಟರಲ್ಲಿ ಮೇಷ್ಟ್ರು ಮುಂದೆ ಬಂದರು. ಬಗ್ಗಿ ತಟ್ಟೆ ನೋಡಿದರು. ಹೋಗಿ ನಡುಮನೆಯ ಗೋಡೆಯ ಕನ್ನಡಿಯನ್ನು ಮೊಳೆಯಿಂದ ತೆಗೆದು ತಂದು ತಟ್ಟೆಯ ಪಕ್ಕಕ್ಕೆ ನಿಲ್ಲಿಸಿ ಹಿಡಿದರು. "ಈಗ ಓದ್ರಮ್ಮ ಎಲ್ಲರೂ" ಎಂದರು. ಕನ್ನಡಿಯೊಳಗೆ 'ಸಿದ್ಧಾರ್ಥ' ಅಂತ ಸ್ಪಷ್ಟವಾಗಿತ್ತು. "ಒತ್ತು ಸರಿ. ದೀರ್ಘ ಸರಿ. ಅರ್ಕಾವತ್ತೂ ಇದೆ. ನನ್ನ ಸೋದರಳಿಯಂದಿರಲ್ಲಿ ಎಷ್ಟು ಜನಕ್ಕೆ ಇದು ಬರುತ್ತೆ, ಬಂದು ಬರೀಲಿ ನೋಡೋಣ." ನಗು ನಿಂತಿತು. ಅತ್ತೆಮ್ಮ ಹೂವು ಸರಿಮಾಡಿಕೊಂಡರು. ಮೇಷ್ಟ್ರು ಮಗನ ಹೆಗಲಿನ ಶಲ್ಯವನ್ನು ಎಳೆದು, ಮಗುಚಿ, ಮುಖದ ಕಡೆಯನ್ನು ನೋಡಿ, ಮತ್ತೆ ಬೆನ್ನಿನ ಕಡೆಯನ್ನೇ ಮೇಲೆ ಮಾಡಿ, ಮಡಿಚಿ ಮಲರ್ ಕೈಗೆ ಕೊಟ್ಟರು. "ನಾನೂ ಗುಂಡಿ ಮಗ್ಗದ ಪಕ್ಕದಲ್ಲಿ ತೊಟ್ಟಿಲು ತೂಗಿಸಿಕೊಂಡು ಬೆಳೆದವನು ಮಗಳೇ. ಬೆರಳಿಗೆ ಮದುವೆ ದಿನವೇ ಗೊತ್ತಾಗಿತ್ತು. ನಮ್ಮಪ್ಪ ಒಂದು ಸೀರೆ ತುಂಬ ಆನೆಗಳನ್ನು ಹಿಂದಕ್ಕೆ ನಡೆಸಿದ್ದರು, ಇದೇ ಥರ ಮಗ್ಗದ ಕನ್ನಡಿ ನಂಬಿ. ನಾಳೆಯಿಂದ ಇಬ್ಬರೂ ಕೂತು ಈ ಕಡೆಯಿಂದ ಕಲಿಯೋಣ, ಆಯ್ತಾ?" ಮಲರ್ ಕಣ್ಣೊರೆಸಿಕೊಂಡು, ನಕ್ಕು, "ಸರಿ ಮಾವ" ಎಂದಳು. ನನ್ನ ಎದೆಯ ಮೇಲಿಂದ ಒಂದು ಮಗ್ಗ ಇಳಿದ ಹಾಗಾಯಿತು.

ಅಲ್ಲಿಗೆ ಮುಗಿದಿದ್ದರೆ ನಾನು ಮರ್ಯಾದೆಯಿಂದ ಸೇಲಂ ಬಸ್ಸು ಹತ್ತುತ್ತಿದ್ದೆ. ಮೇಷ್ಟ್ರು ನನ್ನ ಕಡೆ ತಿರುಗಿ, ನಗುತ್ತಾ, "ಅಂತೂ ಬೀಗರೇ, ಇದು ಹೇಗಾಯಿತು?" ಎಂದರು. ನಿಜ ಹೇಳಬೇಕೆಂದೇ ಬಾಯಿ ತೆರೆದೆ, ದೇವರಾಣೆ. ಆದರೆ ಬಾಯಿಗೂ ಅಭ್ಯಾಸಬಲ ಅನ್ನುವುದಿರುತ್ತದಲ್ಲ.

"ಅದು... ಕನ್ನಡಕ ಹಾಕಿರಲಿಲ್ಲ" ಎಂದೆ.

ಮೇಷ್ಟ್ರು ಕನ್ನಡಿಯನ್ನು ಗೋಡೆಗೆ ಒರಗಿಸಿದರು.

"ಅದನ್ನು ಮೊದಲನೇ ಸಲವೇ ಹೇಳಿದ್ದಿರಿ" ಎಂದರು. "ಬೇರೆ ಯಾವುದಾದರೂ ಹೇಳಿ. ನಾನು ಎಲ್ಲವನ್ನೂ ಬರೆದಿಟ್ಟುಕೊಂಡಿದ್ದೇನೆ."